ಹೊಲಿಗೆಗೆ ಬಿಟ್ಟ ಅರ್ಧ ಇಂಚು

ಅವರ ತುಟಿಯ ಬಲಮೂಲೆಯಲ್ಲಿ ಯಾವಾಗಲೂ ನಾಲ್ಕೈದು ಗುಂಡುಸೂಜಿಗಳು ಇರುತ್ತಿದ್ದವು. ಮಾತೆಲ್ಲ ಎಡಮೂಲೆಯಿಂದ. ಪಾಠ, ಬೈಗುಳ, ನಗೆಮಾತು ಎಲ್ಲವೂ ಆ ಸಣ್ಣ ಸಂದಿಯಿಂದಲೇ ಹೊರಗೆ ಬರಬೇಕಾದ್ದರಿಂದ ಅವರ ಕನ್ನಡಕ್ಕೇ ಒಂದು ಓರೆ ಬಂದಿತ್ತು. ಸೂಜಿಗಳನ್ನು ಒಂದೊಂದಾಗಿ ಬಾಯಿಯಿಂದ ತೆಗೆದು ಸೆರಗಿಗೆ ಚುಚ್ಚತೊಡಗಿದರೆ ನಾವು ಹುಡುಗಿಯರು ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದೆವು. ಪೂರ್ತಿ ಬಾಯಿ ತೆರೆದು ಹೇಳುವಂಥದ್ದು ಏನೋ ಉಂಟು ಎಂದು ಅದರ ಅರ್ಥ.

ಅವರು ನಮ್ಮ ಹೊಲಿಗೆ ಟೀಚರ್. ನಮ್ಮ ಜಿಲ್ಲೆ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ, ಮೂಡುಬಿದಿರೆಯ ನಮ್ಮ ಕಾನ್ವೆಂಟ್ ಶಾಲೆಯಲ್ಲಿ ವಾರಕ್ಕೆ ಮೂರು ಪೀರಿಯಡ್ ನಮಗೆ ಕತ್ತರಿ ಹಿಡಿಯಲು ಕಲಿಸಿದವರು. ಊರು ಬಂಟ್ವಾಳ, ಮನೆಮಾತು ಕೊಂಕಣಿ, ಮದುವೆಯಾಗಿರಲಿಲ್ಲ. ಶಾಲೆಯ ಹತ್ತಿರ ಒಂದು ಕೋಣೆ ಹಿಡಿದು, ಒಂದು ಹೊಲಿಗೆ ಮೆಷಿನು, ಒಂದು ಮಂಚ, ಗೋಡೆಗೆ ಒಂದು ಶಿಲುಬೆ ಇಟ್ಟುಕೊಂಡು ಇದ್ದರು. ಕೊರಳಲ್ಲಿ ಸರ ನೋಡಿದ ನೆನಪಿಲ್ಲ. ಅರುವತ್ತು ಇಂಚಿನ ಹಳದಿ ಟೇಪು ಮಾತ್ರ, ಮೊದಲ ಎರಡು ಇಂಚುಗಳ ಅಂಕೆ ಅಳಿಸಿಹೋದದ್ದು.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅವರಿಗೆ ಇದ್ದ ಹುಚ್ಚು ಒಂದೇ, ಹಾಳುಬಿದ್ದ ಜಾಗಗಳನ್ನು ನೋಡಲು ಹೋಗುವುದು. ಅದು ಶುರುವಾದದ್ದು ಕಸೂತಿಯಿಂದ. ಶಾಲೆಯಲ್ಲಿದ್ದ ಕಸೂತಿ ಪುಸ್ತಕದ ತುಂಬ ವಿಲಾಯಿತಿ ಗುಲಾಬಿ, ವಿಲಾಯಿತಿ ಹೂಬುಟ್ಟಿ. ಒಂದು ದಿನ ಪುಸ್ತಕವನ್ನು ನನ್ನ ಮುಂದೆ ಹಿಡಿದು ಕೇಳಿದರು, "ಈ ಹೂವನ್ನು ನೀನು ಎಲ್ಲಿಯಾದರೂ ಕಂಡದ್ದುಂಟಾ?"

"ಇಲ್ಲ ಟೀಚರ್."

"ನಾನೂ ಕಂಡದ್ದಿಲ್ಲ. ಮತ್ತೆ ಅದನ್ನು ಮೇಜಿನ ಬಟ್ಟೆಯ ಮೇಲೆ ಯಾಕೆ ಕೂರಿಸುವುದು? ನಡಿ ಮಾರಾಯ್ತಿ, ಕಂಬ ನೋಡುವ."

ಹಾಗೆ ನಾವು ಆರು ಹುಡುಗಿಯರು ಸಾವಿರ ಕಂಬದ ಬಸದಿಗೆ ಹೋಗಿ ಕಂಬಗಳ ಮೇಲಿನ ಬಳ್ಳಿಗಳನ್ನು ಕಾಗದಕ್ಕೆ ಇಳಿಸಿದೆವು. ನಾನು ಜೈನರ ಹುಡುಗಿ, ನಡೆಯಲು ಕಲಿತದ್ದೇ ಆ ಬಸದಿಯ ಅಂಗಳದಲ್ಲಿ. ಆದರೂ ಒಂದು ಕಂಬದ ಬಳ್ಳಿ ಇನ್ನೊಂದರಂತೆ ಇಲ್ಲ ಎಂಬುದನ್ನು ನನಗೆ ತೋರಿಸಿಕೊಟ್ಟದ್ದು, ಬೆಳಿಗ್ಗೆ ಇಗರ್ಜಿಯಲ್ಲಿ ಏಸುವಿಗೆ ಕೈಮುಗಿದು ಬಂದ ಈ ಟೀಚರ್.

ಕಂಬಗಳಾದ ಮೇಲೆ ವೇಣೂರು, ವೇಣೂರಾದ ಮೇಲೆ ಬೆಳ್ತಂಗಡಿಯ ಆಚೆ ಬಂಗಾಡಿ. ಅಲ್ಲಿ ಅರಮನೆ ಇತ್ತೆಂದು ಕೇಳಿ ನಾವು ಬಸ್ಸಿನಲ್ಲಿ ಕನಸು ಕಾಣುತ್ತ ಹೋಗಿದ್ದೆವು. ಹೋಗಿ ನೋಡಿದರೆ ಹುಲ್ಲು, ಒಂದು ಮಣ್ಣಿನ ದಿಬ್ಬ, ಸಾಲಿನಂತೆ ಕಾಣುವ ನಾಲ್ಕು ಕಲ್ಲು. "ಟೀಚರ್, ಇಲ್ಲಿ ಎಂತದೂ ಇಲ್ಲ" ಎಂದೆ, ಬಿಸಿಲಲ್ಲಿ ನಡೆದ ಸಿಟ್ಟಿಗೆ. ಅವರು ಸೂಜಿಯ ಸಂದಿಯಿಂದಲೇ ಕೇಳಿದರು, "ಎಂತದೂ ಇಲ್ಲ ಅಂತ ಹೇಳಲಿಕ್ಕೆ ನೀನು ಅಳತೆ ತೆಗೆದಿದ್ದೀಯಾ?" ಮತ್ತೆ ಟೇಪನ್ನು ಕೊರಳಿನಿಂದ ಇಳಿಸಿ, ಅದರ ಒಂದು ತುದಿ ನನ್ನ ಕೈಗೆ ಕೊಟ್ಟರು. ಅರುವತ್ತು ಇಂಚಿನ ಟೇಪಿನಲ್ಲಿ ಒಂದು ಅರಮನೆಯ ಅಂಗಳ ಅಳೆಯುವುದೆಂದರೆ ಎಷ್ಟು ಸಲ ಬಗ್ಗಿ ಏಳಬೇಕೆಂದು ಬೇರೆ ಯಾರಿಗೂ ಗೊತ್ತಿರಲಾರದು. ಸಂಜೆಗೆ ನನ್ನ ಪುಸ್ತಕದಲ್ಲಿ ಒಂದು ಚಾವಡಿ ಎದ್ದು ನಿಂತಿತ್ತು, ಬಾಗಿಲು ಎಲ್ಲಿತ್ತು ಎಂಬುದರ ಸಮೇತ.

ಇಂಥ ತಿರುಗಾಟದಲ್ಲಿ ಅವರು ಒಂದು ವಿಷಯ ಮಾತ್ರ ಎಂದೂ ಮರೆಯುತ್ತಿರಲಿಲ್ಲ. ನಮ್ಮ ಜೈನರಲ್ಲಿ ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವುದಿಲ್ಲ. ಅದಕ್ಕಾಗಿ ಎಷ್ಟು ಅರ್ಧಕ್ಕೆ ನಿಂತ ಕೆಲಸವಾದರೂ ಬಿಟ್ಟು, ನನ್ನನ್ನು ಸೂರ್ಯ ಇರುವಾಗಲೇ ಮನೆಗೆ ತಲುಪಿಸುತ್ತಿದ್ದರು. "ನಿನ್ನ ಊಟಕ್ಕೆ ಗಡಿಯಾರ ಆಕಾಶದಲ್ಲಿ ಉಂಟು. ನನ್ನದಾದರೆ ಹೊಟ್ಟೆಯಲ್ಲಿ" ಎನ್ನುತ್ತಿದ್ದರು.

ಆ ವರ್ಷ ಮಳೆ ಹಿಂದೆ ಸರಿದ ಮೇಲೆ ನಾವು ಕೊಡಂಗಲ್ಲಿಗೆ ಹೋಗಲು ತೊಡಗಿದೆವು. ಮುನಿಗಳ ಸಮಾಧಿಗಳು ಅಲ್ಲಿ ಸಾಲಾಗಿ ನಿಂತಿವೆ. ಕೆಂಪು ಮುರಕಲ್ಲಿನ ಇಳಿಜಾರು ಚಾವಣಿಗಳು, ಮಾಡಿನ ಮೇಲೆ ಮಾಡು, ಮೇಲಕ್ಕೆ ಹೋದಂತೆ ಸಣ್ಣದು, ಕೊಡೆಗಳನ್ನು ಒಂದರ ಮೇಲೊಂದು ಬಿಡಿಸಿಟ್ಟ ಹಾಗೆ. ಟೀಚರ್‌ಗೆ ಆ ಸಾಲು ಬೇಕಿರಲಿಲ್ಲ. ಸಾಲಿನಿಂದ ದೂರ, ಪೊದೆಯ ಒಳಗೆ, ಆಳೆತ್ತರದ ಒಂದು ಪುಟ್ಟ ಸಮಾಧಿ ಇತ್ತು. ಗೋಳಿಮರದ ಬೇರು ನುಗ್ಗಿ ಅದರ ಮೇಲಿನ ಎರಡು ಮಾಡುಗಳು ನೆಲಕ್ಕೆ ಬಿದ್ದಿದ್ದವು. ಬರಹವಿಲ್ಲ, ಹೆಸರಿಲ್ಲ. ನಮ್ಮ ಅಜ್ಜಿಗೂ ಅದು ಯಾರದೆಂದು ಗೊತ್ತಿರಲಿಲ್ಲ.

"ಇದನ್ನು ಪುನಃ ಕಟ್ಟಬಹುದು. ಬಿಚ್ಚಿದ ರವಿಕೆ ಅಷ್ಟೆ ಇದು. ಯಾವ ತುಂಡು ಎಲ್ಲಿಯದು ಅಂತ ಗೊತ್ತಿದ್ದರೆ ಆಯ್ತು" ಎಂದರು ಟೀಚರ್.

ರವಿಕೆಗೆ ನಾವು ಹೇಗೆ ಪೇಪರ್ ಕಟಿಂಗ್ ಮಾಡುತ್ತಿದ್ದೆವೋ ಹಾಗೆಯೇ ಆ ಕಲ್ಲುಗಳಿಗೂ ಮಾಡಿದೆವು. ಬಿದ್ದ ಕಲ್ಲು, ನಿಂತ ಕಲ್ಲು, ಸೂರಿನ ಬಾಗಿದ ಕಲ್ಲು, ಮೂಲೆಯಲ್ಲಿ ಮೂಗು ಮೇಲೆತ್ತಿದ ಕಲ್ಲು, ಪ್ರತಿಯೊಂದರ ಮೇಲೂ ಖಾಕಿ ಕಾಗದ ಹಾಸಿ, ಟೀಚರ್ ಹೊಲಿಗೆಯ ಸೀಮೆಸುಣ್ಣದಿಂದ ಅಂಚು ಗುರುತಿಸುತ್ತಿದ್ದರು. ಕತ್ತರಿಸುವುದು ನಮ್ಮ ಕೆಲಸ. ತರಗತಿಯಲ್ಲಿ ನನ್ನ ಕತ್ತರಿಯೇ ಚೆನ್ನಾಗಿ ಓಡುತ್ತಿದ್ದುದರಿಂದ ಉಳಿದ ಐವರ ಮೇಲೆ ನಾನೇ ಮುಖ್ಯಸ್ಥೆ. ಅಕ್ಟೋಬರದಿಂದ ಡಿಸೆಂಬರದ ತನಕ ಪ್ರತಿ ಶನಿವಾರ ಕೂತು, ತುಂಡುಗಳಿಗೆಲ್ಲ ನಂಬರು ಹಾಕಿ ಮುಗಿಸಿದೆವು. ಕ್ರಿಸ್ಮಸ್ ರಜೆಗೆ ಟೀಚರ್ ಬಂಟ್ವಾಳಕ್ಕೆ ಹೋದರು.

ರಜೆ ಮುಗಿಸಿ ಬಂದು ನಾವು ಪೊದೆ ಸರಿಸಿದಾಗ ಅಲ್ಲಿ ಸಮಾಧಿ ಇರಲಿಲ್ಲ. ತಳದ ಒಂದು ವರಸೆ ಕಲ್ಲು, ಕಡಿದ ಬೇರು, ಮಣ್ಣಿನಲ್ಲಿ ಎತ್ತಿನಗಾಡಿಯ ಎರಡು ಗೆರೆ. ಟೀಚರ್ ಬಹಳ ಹೊತ್ತು ಆ ಗೆರೆಗಳನ್ನೇ ನೋಡಿದರು. ಆಮೇಲೆ ಬಾಯಿಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಸೆರಗಿಗೆ ಚುಚ್ಚಿದರು.

"ಈಗ ಯಾರ ಮನೆಯಲ್ಲಿ ಕಟ್ಟಡ ಏಳುತ್ತಾ ಉಂಟು?"

ಐವರೂ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ನಮ್ಮ ಮಾವ, ಎಂದರೆ ತಾಯಿಯ ಅಣ್ಣ, ಅಳಿಯಕಟ್ಟಿನ ನಮ್ಮ ಮನೆಗೆ ಯಜಮಾನರು. ಅಕ್ಕಿ ವ್ಯಾಪಾರಕ್ಕೆಂದು ಮನೆಯ ಪಕ್ಕದಲ್ಲೇ ಗೋದಾಮು ಕಟ್ಟಿಸಲು ತೊಡಗಿದ್ದರು. ಮೇಸ್ತ್ರಿ ಇಳಿಸಿದ ಕಲ್ಲಿನ ರಾಶಿಯಲ್ಲಿ ಒಂದು ಬಾಗಿದ ಕಲ್ಲನ್ನು ಮೂರು ದಿನದ ಹಿಂದೆಯೇ ನಾನು ಕಂಡಿದ್ದೆ. ಕಂಡು, ಅದು ಬೇರೆ ಯಾವುದೋ ಇರಬಹುದೆಂದು ನನಗೆ ನಾನೇ ಹೇಳಿಕೊಂಡು ಒಳಗೆ ಹೋಗಿದ್ದೆ. ಮಾವನ ಎದುರು ನಿಂತು ಮಾತಾಡುವ ಪದ್ಧತಿ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಇರಲಿಲ್ಲ. ಅವರು ಕೇಳಿದರೆ ನಾವು ತಲೆ ಆಡಿಸುತ್ತಿದ್ದೆವು.

"ನಮ್ಮಲ್ಲಿ" ಎಂದೆ.

ಟೀಚರ್ ನನ್ನನ್ನು ಬೈಯಲಿಲ್ಲ. "ನಾಳೆ ಇಗರ್ಜಿಯ ಪೂಜೆ ಮುಗಿಸಿ ಬರ್ತೇನೆ. ನೀನು ಒಳಗೇ ಇರು. ಇದು ನನ್ನ ಮತ್ತು ನಿನ್ನ ಮಾವನ ವಿಷಯ" ಎಂದರು.

ಭಾನುವಾರ ಹತ್ತು ಗಂಟೆಗೆ ಅವರು ಕೊಡೆ ಹಿಡಿದು, ಕಾಗದದ ಸುರುಳಿ ಬಗಲಲ್ಲಿಟ್ಟುಕೊಂಡು ನಮ್ಮ ಅಂಗಳಕ್ಕೆ ಬಂದರು. ನಾನು ಚಾವಡಿಯ ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಮಾವ ಎದ್ದು ನಿಂತು, ಕಾಫಿ ತರಲು ಹೇಳಿ, ಕುರ್ಚಿ ಹಾಕಿಸಿದರು. ಮನೆಯಲ್ಲಿ ನಮ್ಮದು ತುಳು. ಟೀಚರ್‌ಗೂ ತುಳು ಚೆನ್ನಾಗಿ ಬರುತ್ತಿತ್ತು. ಆದರೂ ಕಲಿಸುವವರು ಎಂಬ ಮರ್ಯಾದೆಗೆ ಮಾವ ಕಚೇರಿಯ ಕನ್ನಡದಲ್ಲೇ ಮಾತಾಡಿದರು.

"ಏನು ಟೀಚರೇ, ಹುಡುಗಿ ಓದುವುದಿಲ್ಲವೋ?"

"ಹುಡುಗಿ ಚೆನ್ನಾಗಿ ಓದ್ತಾಳೆ. ನಿಮ್ಮ ಕಲ್ಲು ನೋಡಲಿಕ್ಕೆ ಬಂದೆ."

ವಿಷಯ ಕೇಳಿ ಮಾವ ಮೇಸ್ತ್ರಿಯನ್ನು ಕರೆಸಿದರು. ಆತ ಸೊಂಟಕ್ಕೆ ಕೈಕೊಟ್ಟು ನಕ್ಕ. ಕ್ರೈಸ್ತ ಹೆಂಗಸರನ್ನು ನಮ್ಮ ಕಡೆ ಬಾಯಮ್ಮ ಎನ್ನುತ್ತಾರೆ. "ಬಾಯಮ್ಮ, ಇದು ಕೋರೆಯಿಂದ ಬಂದ ಕಲ್ಲು. ಮುರಕಲ್ಲು ಎಲ್ಲ ಒಂದೇ. ಇದಕ್ಕೆ ಮುಖ ಉಂಟಾ, ಮೂಗು ಉಂಟಾ, ನಿಮ್ಮದು ಅಂತ ಗುರುತು ಹಿಡಿಯಲಿಕ್ಕೆ?"

"ಮೂಗು ಉಂಟು" ಎಂದು ಟೀಚರ್ ರಾಶಿಯ ಹತ್ತಿರ ಹೋದರು. ಸುರುಳಿ ಬಿಡಿಸಿ, ಒಂದು ಮೂಲೆಗಲ್ಲಿನ ಮೇಲೆ ಕಾಗದ ಹಾಸಿದರು.

ಕಾಗದ ಹೊಂದಲಿಲ್ಲ. ಕಲ್ಲಿಗಿಂತ ದೊಡ್ಡದಾಗಿತ್ತು. ಎರಡನೆಯದು ಹಾಸಿದರು, ಅದೂ ದೊಡ್ಡದು. ಮೂರನೆಯದೂ ಹಾಗೆಯೇ. ಸೀಮೆಸುಣ್ಣದ ಗೆರೆ ಸುರುಳಿ ಸುತ್ತಿ ಬಿಡಿಸಿ ಎಂದೋ ಅಳಿಸಿಹೋಗಿತ್ತು, ಉಳಿದದ್ದು ಕತ್ತರಿಸಿದ ಅಂಚು ಮಾತ್ರ.

"ನೋಡಿ ಬಾಯಮ್ಮ," ಎಂದ ಮೇಸ್ತ್ರಿ, ಈಗ ಧೈರ್ಯವಾಗಿ, "ನಿಮ್ಮ ಮುನಿಗಳು ಸ್ವಲ್ಪ ದಪ್ಪದವರು. ನಮ್ಮ ಕಲ್ಲಿಗೆ ಅವರ ಅಂಗಿ ಆಗುವುದಿಲ್ಲ."

ಅಂಗಳದಲ್ಲಿದ್ದ ಕೆಲಸದವರು ನಕ್ಕರು. ಮಾವನ ಮೀಸೆಯ ಕೆಳಗೂ ಒಂದು ನಗೆ ಸುಳಿಯಿತು. ಟೀಚರ್ ಕಾಗದವನ್ನೇ ನೋಡುತ್ತಿದ್ದರು. ಅವರ ಮುಖ ಅಷ್ಟು ಸಣ್ಣಗಾದದ್ದನ್ನು ನಾನು ಮೊದಲು ನೋಡಿರಲಿಲ್ಲ.

ಅಷ್ಟರಲ್ಲಿ ನನಗೆ ಹೊಳೆಯಿತು. ಆ ಕಾಗದ ಕತ್ತರಿಸಿದವಳು ನಾನು. ಟೀಚರ್ ಗೆರೆ ಹಾಕಿ ಆಚೆ ಹೋದ ಮೇಲೆ, ಗೆರೆಯಿಂದ ಅರ್ಧ ಇಂಚು ಹೊರಗೆ ಕತ್ತರಿ ಓಡಿಸಿರೆಂದು ಉಳಿದ ಐವರಿಗೂ ಹೇಳಿದವಳು ನಾನು. ಹೊಲಿಗೆಗೆ ಅಂಚು ಬಿಡದೆ ಬಟ್ಟೆ ಕತ್ತರಿಸಿದ ಒಂದು ದಿನ ಟೀಚರ್ ನನ್ನನ್ನು ಇಡೀ ತರಗತಿಯ ಎದುರು ನಿಲ್ಲಿಸಿದ್ದರು. ಆಮೇಲೆ ಅಂಚು ಬಿಡದೆ ಕತ್ತರಿಸಲು ನನ್ನ ಕೈಗೆ ಬರುತ್ತಲೇ ಇರಲಿಲ್ಲ. ಕಲ್ಲಿಗೆ ಹೊಲಿಗೆ ಇಲ್ಲ ಎಂಬುದು ಆರು ಹುಡುಗಿಯರಲ್ಲಿ ಒಬ್ಬಳಿಗೂ ತೋಚಿರಲಿಲ್ಲ.

ಚಾವಡಿಯ ಹೊಸ್ತಿಲು ದಾಟಿದ್ದು ನನಗೆ ನೆನಪಿಲ್ಲ. ಅಂಗಳದಲ್ಲಿದ್ದೆ, ಅಷ್ಟೆ.

"ಮಾವ, ಅದು ಹೊಲಿಗೆಗೆ ಬಿಟ್ಟದ್ದು" ಎಂದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲವೇನೋ ಎನಿಸಿ ಇನ್ನೊಮ್ಮೆ ಹೇಳಿದೆ. "ಸುತ್ತ ಅರ್ಧ ಇಂಚು ಹೊಲಿಗೆಗೆ ಬಿಟ್ಟು ಕತ್ತರಿಸಿದ್ದು. ನಾನೇ ಕತ್ತರಿಸಿದ್ದು. ತಪ್ಪು ಕಾಗದದ್ದು, ಕಲ್ಲಿನದ್ದಲ್ಲ."

ಮಾವನ ನಗೆ ನಿಂತಿತು. ತುಳುವಿನಲ್ಲಿ, ಮೆಲ್ಲಗೆ, "ಈ ಉಲಾಯಿ ಪೋ" ಎಂದರು. ನೀನು ಒಳಗೆ ಹೋಗು.

ನಾನು ಹೋಗಲಿಲ್ಲ. ಕಲ್ಲಿನ ಪಕ್ಕ ಕೂತು, ಮೊದಲನೆಯ ಕಾಗದದ ಅಂಚನ್ನು ಸುತ್ತಲೂ ಅರ್ಧ ಇಂಚು ಮಡಚಿ ಉಗುರಿನಿಂದ ತೀಡಿದೆ. ಟೀಚರ್ ನನ್ನ ಎದುರು ಕೂತು ಸೆರಗಿನ ಸೂಜಿ ತೆಗೆದು, ಮಡಿಕೆ ಬಿಚ್ಚದಂತೆ ಚುಚ್ಚುತ್ತ ಬಂದರು. ಮತ್ತೆ ಇಬ್ಬರೂ ಸೇರಿ ಕಾಗದವನ್ನು ಕಲ್ಲಿನ ಮೇಲೆ ಇಳಿಸಿದೆವು. ಮೂಗಿಗೆ ಮೂಗು, ಬಾಗಿಗೆ ಬಾಗು, ಬದಿಯಲ್ಲಿ ಚೂರು ಹಾರಿದ್ದ ಜಾಗಕ್ಕೆ ಚೂರು ಹಾರಿದ ಜಾಗ. ಯಾರೂ ನಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ರಾಶಿಯಲ್ಲಿ ಹನ್ನೊಂದು ಕಲ್ಲು ಸಿಕ್ಕಿದವು. ಉಳಿದವು ಗೋದಾಮಿನ ಅಡಿಪಾಯಕ್ಕೆ ಆಗಲೇ ಇಳಿದಿದ್ದವು, ಮೇಲಿನ ಸಾಲಿನಲ್ಲಿ ಅವುಗಳ ಬಾಗು ಕಾಣುತ್ತಿತ್ತು. ಮೇಸ್ತ್ರಿ ರಾಗ ಬದಲಿಸಿದ. "ಧಣಿ, ಅದು ಬಿದ್ದದ್ದು. ಹೆಸರಿಲ್ಲ, ವಾರಸುದಾರ ಇಲ್ಲ. ಯಾರೂ ಕೇಳುವವರಿಲ್ಲ ಅಂತ ತಂದದ್ದು."

"ಹೆಸರಿದ್ದವರನ್ನು ಕೇಳಲಿಕ್ಕೆ ಊರೇ ಉಂಟು," ಎಂದರು ಟೀಚರ್, "ಹೆಸರಿಲ್ಲದವರನ್ನೇ ಮೊದಲು ಕೇಳಬೇಕು."

ಮಾವನಿಗೆ ಸಿಟ್ಟು ಬಂತು. ಮೇಸ್ತ್ರಿ ತನಗೆ ಸುಳ್ಳು ಹೇಳಿದನೆಂಬ ಸಿಟ್ಟು, ಅದನ್ನು ಹೊರಗಿನ ಹೆಂಗಸು ತೋರಿಸಿಕೊಟ್ಟಳೆಂಬ ಇನ್ನೂ ದೊಡ್ಡ ಸಿಟ್ಟು. "ಟೀಚರೇ, ಅವರು ನಮ್ಮ ಮುನಿಗಳು. ನೀವು ಇಗರ್ಜಿಯವರು. ನಿಮಗೆ ಇದರಲ್ಲಿ ಏನು?"

"ನಿಮ್ಮವರು ಅಂತ ನಿಮಗೆ ನೆನಪಾಯ್ತಲ್ಲ, ನನಗೆ ಅಷ್ಟು ಸಾಕು."

ಮಾವ ರಾಶಿಯ ಕಲ್ಲುಗಳನ್ನು ಹಿಂದೆ ಕಳಿಸುತ್ತೇನೆ, ಅಡಿಪಾಯದ್ದು ಮಾತ್ರ ಸಾಧ್ಯವಿಲ್ಲ ಎಂದರು. ಪೂಜೆ ಮಾಡಿ ಇಳಿಸಿದ ಕಲ್ಲನ್ನು ಎಬ್ಬಿಸುವ ಕ್ರಮ ತಮ್ಮಲ್ಲಿ ಇಲ್ಲ. ಟೀಚರ್ "ಆಯ್ತು" ಎಂದು ಹೋಗಿ ಆ ಅಡಿಪಾಯದ ಮೇಲೆ ಕೂತರು. ಕೊಡೆ ಬಿಡಿಸಿದರು. ಕಾಫಿ ಬೇಡವೆಂದರು, ಊಟ ಬೇಡವೆಂದರು, ಕುಡಿಯಲು ನೀರನ್ನೂ ಬೇಡವೆಂದರು.

ಬಾಗಿಲಲ್ಲಿ ಒಬ್ಬರು ಉಪವಾಸ ಕೂತಿರುವಾಗ ನಮ್ಮ ಮನೆಯಲ್ಲಿ ಎಲೆ ಹಾಕುವ ವಾಡಿಕೆ ಇಲ್ಲ. ಮಧ್ಯಾಹ್ನದ ಅಡಿಗೆ ಹಾಗೆಯೇ ಉಳಿಯಿತು. ಮೂರು ಗಂಟೆಯಾಯಿತು, ನಾಲ್ಕಾಯಿತು. ಅಜ್ಜಿ ಎರಡು ಸಲ ಹೊರಗೆ ಬಂದು, "ಏಳಿ ಟೀಚರ್, ಒಂದು ತುತ್ತು ಉಣ್ಣಿ" ಎಂದರು. "ಕಲ್ಲು ಏಳಲಿ ಅಜ್ಜೀ, ನಾನೂ ಏಳ್ತೇನೆ" ಎಂಬ ಉತ್ತರ ಎರಡು ಸಲವೂ. ಐದೂವರೆಗೆ ಬಿಸಿಲು ತೆಂಗಿನ ಬುಡ ಬಿಟ್ಟು ಮೇಲೇರತೊಡಗಿತು. ಸೂರ್ಯ ಇಳಿದರೆ ಮರುದಿನ ಬೆಳಿಗ್ಗೆಯ ತನಕ ಮನೆಯ ಹದಿನಾಲ್ಕು ಜನಕ್ಕೂ ಅನ್ನವಿಲ್ಲ. ಆ ಲೆಕ್ಕವನ್ನು ಟೀಚರ್ ನನ್ನಿಂದಲೇ ಕಲಿತಿದ್ದರು ಎಂದು ನನಗೆ ಆಗ ಅರ್ಥವಾಯಿತು. ನಾನೂ ಹೋಗಿ ಅವರ ಕೊಡೆಯ ಕೆಳಗೆ ಕೂತೆ. ಅವರು ನನ್ನ ಕಡೆ ನೋಡದೆ ಜರುಗಿ ಜಾಗ ಕೊಟ್ಟರು.

ಅಜ್ಜಿ ಮೂರನೆಯ ಸಲ ಹೊರಗೆ ಬಂದರು. ಈ ಸಲ ಟೀಚರ್ ಹತ್ತಿರ ಬರಲಿಲ್ಲ, ಮಗನ ಎದುರು ನಿಂತರು. "ಸಮಾಧಿಯ ಕಲ್ಲಿನ ಮೇಲೆ ಅಕ್ಕಿ ಇಟ್ಟರೆ ಆ ಅಕ್ಕಿಯನ್ನು ನಾನು ಬೇಯಿಸುವುದಿಲ್ಲ. ನೀನೇ ಬೇಯಿಸಿಕೋ."

ಮಾವ ಎದ್ದರು. ಪಡುವಣದ ಕಡೆ ಒಮ್ಮೆ ನೋಡಿದರು. ಮೇಸ್ತ್ರಿಗೆ ಹೇಳಿದ್ದು ಎರಡೇ ಮಾತು, "ಬಿಚ್ಚು ಅದನ್ನು."

ಹಾರೆ ಬಿದ್ದ ಮೊದಲ ಸದ್ದು ಕೇಳಿದ ಮೇಲೆಯೇ ಟೀಚರ್ ಎದ್ದದ್ದು. ಕಾಲು ಮರಗಟ್ಟಿ ನನ್ನ ಹೆಗಲು ಹಿಡಿದುಕೊಂಡರು. ಅಡಿಗೆಮನೆಯಲ್ಲಿ ನಮ್ಮೆಲ್ಲರ ಜೊತೆ ಕೂತು, ಹೊತ್ತು ಇರುವಾಗಲೇ, ಮೂರು ಸಲ ಅನ್ನ ಹಾಕಿಸಿಕೊಂಡರು. ಮಾವ ಬಡಿಸುವವರಿಗೆ ಮೆಲ್ಲಗೆ, "ಟೀಚರ್‌ಗೆ ತುಪ್ಪ ಹಾಕಿ" ಎಂದರು.

ಸಮಾಧಿ ಪುನಃ ಎದ್ದಿತು. ಕಟ್ಟಿದವನು ಅದೇ ಮೇಸ್ತ್ರಿ. ನಾವು ಕಾಗದ ನೋಡಿ ನಂಬರು ಕೂಗಿದೆವು, ಆತ ಗೊಣಗುತ್ತ ಕಲ್ಲು ಕೂರಿಸಿದ. ಕೊನೆಕೊನೆಗೆ ಅವನಿಗೇ ಅದರಲ್ಲಿ ರುಚಿ ಹತ್ತಿ, "ಬಾಯಮ್ಮ, ಹೊಲಿಗೆ ಬಿಡಿ, ನನ್ನ ಜೊತೆ ಕೆಲಸಕ್ಕೆ ಬನ್ನಿ" ಎನ್ನುವಷ್ಟಾಯಿತು. ಕೆಲವು ಕಲ್ಲುಗಳನ್ನು ಉಳಿಯಿಂದ ಚಚ್ಚೌಕ ಮಾಡಿಬಿಟ್ಟಿದ್ದರಿಂದ ತುದಿಯ ಮಾಡು ಕೂರಲಿಲ್ಲ. ಈಗಲೂ ಅದು ತಲೆ ಇಲ್ಲದೆ, ಸ್ವಲ್ಪ ಎಡಕ್ಕೆ ವಾಲಿ ನಿಂತಿದೆ. ಆದರೆ ನಿಂತಿದೆ.

ಆ ವರ್ಷದ ಕೊನೆಗೆ ಟೀಚರ್ ಶಾಲೆ ಬಿಟ್ಟರು. ಹೆಣ್ಣುಮಕ್ಕಳನ್ನು ಗೋರಿಗಳ ಹತ್ತಿರ ಕರೆದುಕೊಂಡು ಹೋಗುತ್ತಾರೆ, ಮನೆಯ ಹಿರಿಯರಿಗೆ ಎದುರು ಮಾತಾಡಲು ಕಲಿಸುತ್ತಾರೆ ಎಂದು ಕೆಲವು ಮನೆಗಳವರು ದೂರು ಕೊಟ್ಟಿದ್ದರು. ಶನಿವಾರದ ತಿರುಗಾಟ ನಿಲ್ಲಿಸಿದರೆ ಇರಬಹುದು ಎಂದು ಕಾನ್ವೆಂಟಿನವರು ಅವರಿಗೆ ಹೇಳಿದರಂತೆ. "ಶನಿವಾರ ಇಲ್ಲದಿದ್ದರೆ ಉಳಿದ ಐದು ದಿನ ಯಾಕೆ?" ಎಂದು ಕೇಳಿ ಮೆಷಿನನ್ನು ಬಸ್ಸಿನ ಮೇಲೆ ಏರಿಸಿ ಬಂಟ್ವಾಳಕ್ಕೆ ಹೋದರು. ಪೇಟೆಯಲ್ಲಿ ಒಂದು ಮಹಡಿಯ ಮೇಲೆ ಹೊಲಿಗೆ ಕ್ಲಾಸು ತೆರೆದರು. ಶನಿವಾರ ಕ್ಲಾಸಿಗೆ ರಜೆ.

ನನ್ನ ಮದುವೆ ಬೆಳ್ತಂಗಡಿಯ ಪಕ್ಕದ ಲಾಯಿಲಕ್ಕೆ ಆಯಿತು. ಮಂಗಳೂರಿಗೆ ಹೋಗುವಾಗಲೆಲ್ಲ ಬಂಟ್ವಾಳದಲ್ಲಿ ಇಳಿದು ಆ ಮಹಡಿ ಹತ್ತುತ್ತಿದ್ದೆ. ಟೀಚರ್ ಕೂದಲು ಬೆಳ್ಳಗಾಗಿತ್ತು, ಸೂಜಿಗಳು ಅಲ್ಲೇ ಇದ್ದವು. ಒಂದು ಸಲ ನಾನು, "ನನ್ನ ತಪ್ಪಿನಿಂದ ನೀವು ಅವತ್ತು ಅಷ್ಟು ಜನರ ಎದುರು ನಗೆಪಾಟಲಾದಿರಿ" ಎಂದೆ. ಅವರು ಮೆಷಿನಿನ ಚಕ್ರ ನಿಲ್ಲಿಸಿದರು. "ಅರ್ಧ ಇಂಚು ಹೆಚ್ಚಾದರೆ ಮಡಚಬಹುದು ಮಾರಾಯ್ತಿ. ಕಡಿಮೆಯಾಗಿದ್ದರೆ ನೀನು ಎಂತ ಮಾಡ್ತಿದ್ದಿ?"

ಅವರು ತೀರಿಕೊಂಡದ್ದು ಅರುವತ್ತರ ದಶಕ ಮುಗಿಯುತ್ತ ಬಂದಾಗ, ಒಂದು ಮಳೆಗಾಲದಲ್ಲಿ. ಜ್ವರವೆಂದು ಮಲಗಿದವರು ಏಳಲಿಲ್ಲ. ನನಗೆ ಕಾಗದ ಬಂದು ನಾನು ಹೋಗುವಾಗ ಮಣ್ಣು ಮಾಡಿ ಮೂರು ದಿನವಾಗಿತ್ತು. ಇಗರ್ಜಿಯ ಗೋಡೆಯ ಮೂಲೆಯಲ್ಲಿ ಒಂದು ಮರದ ಶಿಲುಬೆ ನೆಟ್ಟಿದ್ದರು. ಸ್ವಂತ ಜಾಗ ಕೊಂಡ ಕುಟುಂಬಗಳಿಗೆ ಕಲ್ಲು ಹಾಕಲು ಬಿಡುತ್ತಾರೆ. ಉಳಿದವರ ಗುಂಡಿಯನ್ನು ಕೆಲವು ವರ್ಷ ಕಳೆದ ಮೇಲೆ ಇನ್ನೊಬ್ಬರಿಗಾಗಿ ತೋಡುತ್ತಾರೆ, ಅದು ಅವರ ಕ್ರಮ. ಟೀಚರ್‌ಗೆ ಕುಟುಂಬ ಎಂದು ಹೇಳುವವರು ಇರಲಿಲ್ಲ.

ನಾನು ಪಾದ್ರಿಗಳನ್ನು ಕಂಡೆ. ವಯಸ್ಸಾದವರು, ತಾಳ್ಮೆಯಿಂದ ಕೇಳಿಸಿಕೊಂಡರು. "ಮೂಲೆಯ ಜಾಗ. ಅದನ್ನು ನೋಡಿಕೊಳ್ಳುವವರು ಯಾರಾದರೂ ಇದ್ದರೆ ಸದ್ಯಕ್ಕೆ ಮುಟ್ಟುವುದು ಬೇಡ ಅಂತ ಹೇಳ್ತೇನೆ. ಆದರೆ ಅವರಿಗೆ ಯಾರಿದ್ದಾರೆ?"

"ನಾನಿದ್ದೇನೆ" ಎಂದೆ. ಅವರು ನನ್ನ ಹಣೆಯ ಕುಂಕುಮ ನೋಡಿದರು. ಪುಸ್ತಕ ತೆಗೆದು ನನ್ನ ಹೆಸರು ಬರೆದುಕೊಂಡರು.

ಕ್ರೈಸ್ತರು ತೀರಿಕೊಂಡವರನ್ನು ನೆನೆಯುವ ದಿನ ನವೆಂಬರ್ ಎರಡು. ಆ ದಿನ ಬೆಳಿಗ್ಗೆಯ ಬಸ್ಸಿಗೆ ನಾನು ಕತ್ತಿ, ಗುಡಿಸಲಿಕ್ಕೆ ಹಿಡಿಸೂಡಿ, ಎರಡು ಮೇಣದಬತ್ತಿ ಚೀಲದಲ್ಲಿಟ್ಟುಕೊಂಡು ಬಂಟ್ವಾಳಕ್ಕೆ ಹೋಗುತ್ತೇನೆ. ಸುತ್ತ ಕೊಂಕಣಿ ಮಾತಾಡುತ್ತ ಕುಟುಂಬಗಳು ತಮ್ಮ ತಮ್ಮ ಕಲ್ಲುಗಳನ್ನು ತೊಳೆಯುವಾಗ ನಾನು ಮೂಲೆಯಲ್ಲಿ ಹುಲ್ಲು ಕೀಳುತ್ತೇನೆ. ಮೊದಲ ವರ್ಷ ಜನ ತಿರುಗಿ ನೋಡಿದರು. ಈಗ ಬಾವಿಯಿಂದ ನನಗೂ ಒಂದು ಕೊಡ ನೀರು ಸೇದಿಕೊಡುತ್ತಾರೆ. ಹೆಂಗಸರು ಸ್ಮಶಾನಕ್ಕೆ ಹೋಗುವ ಕ್ರಮ ಎಲ್ಲಿಯೂ ಇಲ್ಲ, ಅದರಲ್ಲಿಯೂ ಬೇರೆ ಜಾತಿಯವರದ್ದಕ್ಕೆ ಎಂದು ನನ್ನ ಅತ್ತೆ ಪ್ರತಿ ಸಲವೂ ಹೇಳುತ್ತಾರೆ. ಮನೆಗೆ ಹಿಂದಿರುಗಿದ ನನ್ನನ್ನು ಹಿತ್ತಲಿನ ಬಾಗಿಲಿನಿಂದ ಒಳಗೆ ಕರೆದು, ತಲೆಗೆ ನೀರು ಹಾಕಿಕೊಳ್ಳಲು ಹೇಳುತ್ತಾರೆ. ನಾನು ಎದುರಾಡುವುದಿಲ್ಲ. ತಲೆಗೆ ನೀರು ಹಾಕಿಕೊಳ್ಳುತ್ತೇನೆ. ಮುಂದಿನ ವರ್ಷ ಪುನಃ ಹೋಗುತ್ತೇನೆ.